ಕನ್ಸೋಲನ್ನು ಕೈಗಿಳಿಸುವಾಗ: ವೀ ಯಂತ್ರ ಕಲಿಸಿದ ಪಾಠಗಳು

ನಿಂಟೆಂಡೊ ಕಂಪನಿಯ ವೀ ಕನ್ಸೋಲ್ ಮಾರುಕಟ್ಟೆಗೆ ಬಂದದ್ದು 2006ರ ನವೆಂಬರಿನಲ್ಲಿ. ಟಿವಿಯ ಪಕ್ಕದಲ್ಲಿ ನಿಲ್ಲಿಸುವ ಈ ಪೆಟ್ಟಿಗೆಯ ಅಳತೆ 215 ಮಿ.ಮೀ. ಉದ್ದ, 157 ಮಿ.ಮೀ. ಅಗಲ, 44 ಮಿ.ಮೀ. ದಪ್ಪ. ಅದರ ಡಿಸ್ಕ್ ಡ್ರೈವ್ ತೆಗೆದು, ಮುಖ್ಯ ಬೋರ್ಡನ್ನು ಸುತ್ತಲೂ ಕತ್ತರಿಸಿ, ಪರದೆ, ಬ್ಯಾಟರಿ, ಗುಂಡಿಗಳನ್ನು ಸೇರಿಸಿ ಕೈಯಲ್ಲಿ ಹಿಡಿದು ಆಡುವಂತೆ ಮಾಡುವ ಹವ್ಯಾಸಿಗಳು ಜಗತ್ತಿನ ಹಲವು ಕಡೆ ಇದ್ದಾರೆ. ಈ ಹವ್ಯಾಸಕ್ಕೆ ಹೆಸರು ತಂದವರಲ್ಲಿ ಅಮೆರಿಕದ ಬೆಂಜಮಿನ್ ಹೆಕೆಂಡಾರ್ನ್ ಪ್ರಮುಖರು. 2000ದ ಸುಮಾರಿಗೆ ಅಟಾರಿ 2600 ಯಂತ್ರವನ್ನು ಕೈಗಾತ್ರಕ್ಕೆ ಇಳಿಸಿದ ಅವರು, 2005ರಲ್ಲಿ ಈ ಕೆಲಸದ ಬಗ್ಗೆ ಪುಸ್ತಕವನ್ನೂ ಬರೆದರು.

ವೀ ಯಂತ್ರವನ್ನೇ ಆರಿಸಿಕೊಳ್ಳಲು ಕಾರಣವಿದೆ. ಅದರ ಒಳಗೆ ಹಿಂದಿನ ತಲೆಮಾರಿನ ಗೇಮ್‌ಕ್ಯೂಬ್ ಪೂರ್ತಿಯಾಗಿ ಅಡಗಿದೆ. ಗೇಮ್‌ಕ್ಯೂಬಿನ ಪ್ರೊಸೆಸರ್ 485 ಮೆಗಾಹರ್ಟ್ಜ್‌ನದು. ಅದೇ ವಂಶದ ವೀ ಪ್ರೊಸೆಸರ್ 729 ಮೆಗಾಹರ್ಟ್ಜ್‌ನದು. ಆದರೆ ಇದು 90 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾದದ್ದರಿಂದ ವೇಗ ಹೆಚ್ಚಿದ್ದರೂ ವಿದ್ಯುತ್ತು ಕಡಿಮೆ ಸಾಕು. ಒಂದು ಬೋರ್ಡು, ಎರಡು ತಲೆಮಾರಿನ ಆಟಗಳು, ಬ್ಯಾಟರಿ ತಡೆದುಕೊಳ್ಳುವಷ್ಟು ಹಸಿವು. ಈ ಮೂರೂ ಕೂಡಿಬರುವ ಕನ್ಸೋಲ್‌ಗಳು ಹೆಚ್ಚಿಲ್ಲ.

ಇಂಥ ಯಂತ್ರಗಳನ್ನು ಕಟ್ಟುತ್ತಾ ನನಗೆ ಖಚಿತವಾದ ಮಾತು ಒಂದೇ. ನೀವು ಭಾಗವನ್ನು ತೆಗೆಯಬಹುದು, ಅದು ಮಾಡುತ್ತಿದ್ದ ಕೆಲಸವನ್ನು ತೆಗೆಯಲಾಗದು. ಡ್ರೈವ್ ಹೋದರೂ ಆಟಕ್ಕೆ ದತ್ತಾಂಶ ಬೇಕು. ರೆಗ್ಯುಲೇಟರ್ ಹೋದರೂ ಚಿಪ್ಪಿಗೆ ಒಂದು ವೋಲ್ಟ್ ಬೇಕು. ದೊಡ್ಡ ಹೀಟ್‌ಸಿಂಕ್ ಹೋದರೂ ಬಿಸಿ ಹೊರಗೆ ಹೋಗಲೇಬೇಕು. ಕೆಳಗಿನ ಪಾಠಗಳೆಲ್ಲ ಈ ಮಾತಿನ ವಿವರಗಳೇ.

1. ಕತ್ತರಿಸಲು ಯೋಗ್ಯವಾದ ಯಂತ್ರವನ್ನು ಹುಡುಕಿ

ಸರಿಯಾಗಿ ಓಡುತ್ತಿರುವ ಕನ್ಸೋಲಿಗೆ ಗರಗಸ ಹಚ್ಚಬೇಡಿ. ವೀ ಯಂತ್ರಗಳಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಡಿಸ್ಕ್ ಡ್ರೈವ್. ಡಿಸ್ಕ್ ಓದದ ಯಂತ್ರ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗ, ನಮಗಂತೂ ಡ್ರೈವ್ ಬೇಡವೇ ಬೇಡ. ಕೊಳ್ಳುವಾಗ ಚಿತ್ರ ಬರುತ್ತದೆಯೇ, ಬಂದ ಚಿತ್ರದಲ್ಲಿ ಬಣ್ಣದ ಚುಕ್ಕೆಗಳು ಮೂಡುತ್ತವೆಯೇ ಎಂದು ನೋಡಿ. ಚುಕ್ಕೆ ಕಂಡರೆ ಗ್ರಾಫಿಕ್ಸ್ ಚಿಪ್ ಸೋತಿರುವ ಸಾಧ್ಯತೆ ಹೆಚ್ಚು, ಅದನ್ನು ಬಿಟ್ಟುಬಿಡಿ.

ಮಾದರಿಯನ್ನೂ ಗಮನಿಸಿ. ಆರ್‌ವಿಎಲ್-001 ಎಂಬ ಮೊದಲ ಮಾದರಿಯಲ್ಲಿ ಗೇಮ್‌ಕ್ಯೂಬ್ ಕಂಟ್ರೋಲರಿನ ನಾಲ್ಕು ಕಿಂಡಿಗಳಿವೆ. 2011ರ ಮಾದರಿಯಲ್ಲಿ ಅವು ಇಲ್ಲ. 2012ರ ವೀ ಮಿನಿಯಲ್ಲಿ ಎಸ್‌ಡಿ ಕಾರ್ಡಿನ ಕಿಂಡಿಯೂ ಇಲ್ಲ. ಹಾಗಾಗಿ ಆರ್‌ವಿಎಲ್-001 ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅದರಲ್ಲೂ ಆರು ಪದರದ ಬೋರ್ಡು, ನಾಲ್ಕು ಪದರದ ಬೋರ್ಡು ಎಂದು ಎರಡು ಬಗೆ ಇವೆ. ಹೊಸಬರಿಗೆ ನಾಲ್ಕು ಪದರದ್ದೇ ಸುಲಭ.

ನಮ್ಮಲ್ಲಿ ಓಡಾಡುವ ಎಷ್ಟೋ ವೀ ಯಂತ್ರಗಳು ಅಮೆರಿಕದಿಂದ ಬಂದ ನೆಂಟರ ಸೂಟ್‌ಕೇಸಿನಲ್ಲಿ ಇಳಿದವು. ಅಲ್ಲಿಯ ಅಡಾಪ್ಟರ್ 120 ವೋಲ್ಟಿಗೆ ಮಾತ್ರ ಮಾಡಿದ್ದು. ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ಅದನ್ನು ನೇರವಾಗಿ ಸಿಕ್ಕಿಸಬೇಡಿ. ಪರೀಕ್ಷಿಸಲು 12 ವೋಲ್ಟ್, 3.7 ಆಂಪಿಯರ್ ಕೊಡುವ ಬೇರೆ ಡಿಸಿ ಪೂರೈಕೆ ಸಾಕು.

2. ಗರಗಸಕ್ಕಿಂತ ಮೊದಲು ತಂತ್ರಾಂಶ

ಬೋರ್ಡು ಇಡಿಯಾಗಿರುವಾಗಲೇ ತಂತ್ರಾಂಶದ ಕೆಲಸವೆಲ್ಲ ಮುಗಿಯಬೇಕು. ಕತ್ತರಿಸಿದ ಮೇಲೆ ಯಂತ್ರ ಏಳದಿದ್ದರೆ ತಪ್ಪು ಬೆಸುಗೆಯದೋ, ವಿದ್ಯುತ್ತಿನದೋ, ತಂತ್ರಾಂಶದ್ದೋ ಎಂದು ತಿಳಿಯುವ ದಾರಿ ಇರುವುದಿಲ್ಲ.

ವೀ ಬೀಗ ತೆರೆದ ಕಥೆ ಸ್ವಾರಸ್ಯದ್ದು. ಗೇಮ್‌ಕ್ಯೂಬ್ ಅವತಾರದಲ್ಲಿರುವಾಗ ಯಂತ್ರಕ್ಕೆ ತನ್ನ 64 ಎಂಬಿ ಮೆಮೊರಿಯಲ್ಲಿ 16 ಎಂಬಿಯಷ್ಟೇ ಕಾಣುತ್ತದೆ. ಒಂದು ತಂಡ ಬೋರ್ಡಿನ ವಿಳಾಸದ ಗೆರೆಗಳನ್ನು ಚಿಮುಟದಿಂದ ಜೋಡಿಸಿ, ಕಾಣದ ಉಳಿದ ಭಾಗಕ್ಕೆ ಇಣುಕಿ, ಅಲ್ಲಿ ಅಳಿಸದೆ ಬಿಟ್ಟಿದ್ದ ಗುಪ್ತ ಕೀಲಿಗಳನ್ನು ಓದಿಕೊಂಡಿತು. ಚಿಮುಟದ ಇಂಗ್ಲಿಷ್ ಹೆಸರನ್ನೇ ತಿರುಚಿ ತಮ್ಮನ್ನು ‘ಟೀಮ್ ಟ್ವೀಝರ್ಸ್’ ಎಂದು ಕರೆದುಕೊಂಡರು. 2008ರಲ್ಲಿ ಅವರದೇ ‘ಟ್ವಿಲೈಟ್ ಹ್ಯಾಕ್’ ಬಂತು. ಜೆಲ್ಡಾ ಆಟದ ಸೇವ್ ಕಡತದಲ್ಲಿ ಕುದುರೆಯ ಹೆಸರನ್ನು ಮಿತಿಮೀರಿ ಉದ್ದ ಮಾಡಿದರೆ, ಉಕ್ಕಿ ಹರಿದ ಅಕ್ಷರಗಳು ಯಂತ್ರಕ್ಕೆ ಆಜ್ಞೆಗಳಾಗುತ್ತಿದ್ದವು. 2011ರ ‘ಲೆಟರ್‌ಬಾಂಬ್’ ವಿಧಾನಕ್ಕೆ ಎಸ್‌ಡಿ ಕಾರ್ಡ್ ಒಂದಿದ್ದರೆ ಸಾಕು. ಡ್ರೈವ್ ಸತ್ತ ಯಂತ್ರಕ್ಕೆ ಇದೇ ವರದಾನ.

ಹೀಗೆ ಬೀಗ ತೆರೆದು, ಹೊರಗಿನ ಪ್ರೋಗ್ರಾಮುಗಳನ್ನು ಓಡಿಸುವ ಹೋಮ್‌ಬ್ರೂ ಚಾನೆಲ್ ಕೂತ ತಕ್ಷಣ ಮಾಡಬೇಕಾದದ್ದು ಬೂಟ್‌ಮೀ ಎಂಬ ಪ್ರೋಗ್ರಾಮು ಬಳಸಿ 512 ಎಂಬಿಯ ಒಳಮೆಮೊರಿಯ ನಕಲು. ಜೊತೆಗೆ ಸಿಗುವ ಕೀಲಿಗಳ ಪುಟ್ಟ ಕಡತವನ್ನೂ ಜೋಪಾನ ಮಾಡಿ. ಪ್ರತಿ ವೀ ಯಂತ್ರದ ಕೀಲಿ ಬೇರೆ. ಗೆಳೆಯನ ಯಂತ್ರದ ನಕಲು ನಿಮ್ಮ ಯಂತ್ರವನ್ನು ಬದುಕಿಸುವುದಿಲ್ಲ.

3. ಕೀಳುವ ಭಾಗವನ್ನು ಮೊದಲು ಬಿಡಿಸಿಟ್ಟು ನೋಡಿ

ಇದು ಖರ್ಚಿಲ್ಲದ ಪಾಠ, ಹಾಗಾಗಿ ಹೆಚ್ಚಿನವರು ಹಾರಿಸಿಬಿಡುತ್ತಾರೆ. ವೀ ಒಳಗೆ ಡಿಸ್ಕ್ ಡ್ರೈವ್, ವೈಫೈ, ಬ್ಲೂಟೂತ್ ಪ್ರತ್ಯೇಕ ತುಂಡುಗಳು. ಕೇಬಲ್ ಕಿತ್ತರೆ ಅಥವಾ ಮೆಲ್ಲಗೆ ಎತ್ತಿದರೆ ಕೈಗೆ ಬರುತ್ತವೆ. ಒಂದೊಂದನ್ನೇ ಬಿಡಿಸಿ, ಪ್ರತಿ ಸಲ ಯಂತ್ರ ಹಚ್ಚಿ ನೋಡಿ. ಯಾವುದಿಲ್ಲದಿದ್ದರೆ ಯಂತ್ರ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ, ಯಾವುದಿಲ್ಲದಿದ್ದರೂ ಸುಮ್ಮನೆ ಮುಂದೆ ಹೋಗುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಮೂಲ ಮೆನು ತನ್ನ ಬಳಗವೆಲ್ಲ ಹಾಜರಿದೆ ಎಂದೇ ನಂಬಿ ಏಳುತ್ತದೆ. ಆ ನಂಬಿಕೆಯನ್ನು ತಿದ್ದಲು ಪ್ರೈಲೋಡರ್‌ನಂಥ ತಂತ್ರಾಂಶಗಳಿವೆ. ಪ್ರೈಲೋಡರ್ ಮೆನುವಿಗಿಂತ ಮೊದಲೇ ಎದ್ದು, ನೇರವಾಗಿ ನಾವು ಹೇಳಿದ ಪ್ರೋಗ್ರಾಮಿಗೆ ಜಿಗಿಯುತ್ತದೆ. ಬಿಡಿಸಿಟ್ಟ ಭಾಗಗಳು ಮೇಜಿನ ಮೇಲೆ ಇರುವಾಗಲೇ, ಯಂತ್ರ ಪ್ರತಿ ಸಲ ತಾನಾಗಿ ಎದ್ದು ಆಟದ ಪಟ್ಟಿ ತೋರಿಸಬೇಕು. ಅಲ್ಲಿಯವರೆಗೆ ಗರಗಸ ಪೆಟ್ಟಿಗೆಯಲ್ಲೇ ಇರಲಿ.

4. ಡಿಸ್ಕ್ ಇಲ್ಲವೆಂದು ಆಟಕ್ಕೆ ತಿಳಿಯಬಾರದು

ವೀ ಆಟ ಡಿಸ್ಕನ್ನು ತಾನೇ ಓದುವುದಿಲ್ಲ. ಗ್ರಾಫಿಕ್ಸ್ ಚಿಪ್ಪಿನೊಳಗೆ ಪುಟ್ಟ ಎಆರ್‌ಎಂ ಪ್ರೊಸೆಸರ್ ಇದೆ. ಅದರಲ್ಲಿ ಓಡುವ ಐಒಎಸ್ ಎಂಬ ತಂತ್ರಾಂಶಕ್ಕೆ ‘ಇಂಥ ಜಾಗದಿಂದ ಇಷ್ಟು ಕೊಡು’ ಎಂದು ಆಟ ಕೇಳುತ್ತದೆ. ಈ ನಡುವಿನ ಏರ್ಪಾಡೇ ನಮಗೆ ಬಾಗಿಲು. ಡಿ2ಎಕ್ಸ್ ಹೆಸರಿನ ಬದಲಿ ಐಒಎಸ್ ಅದೇ ಕೋರಿಕೆಯನ್ನು ಯುಎಸ್‌ಬಿಯ ಕಡೆ ತಿರುಗಿಸುತ್ತದೆ. ಆಟದ ಪಾಲಿಗೆ ಡಿಸ್ಕ್ ಇನ್ನೂ ತಿರುಗುತ್ತಲೇ ಇದೆ.

ಗೇಮ್‌ಕ್ಯೂಬ್ ಆಟಗಳ ದಾರಿ ಬೇರೆ. ಅವು ನೇರವಾಗಿ ಹಾರ್ಡ್‌ವೇರನ್ನೇ ಮುಟ್ಟುವ ಹಳೆಯ ಕಾಲದವು. ನಿಂಟೆಂಡೋಂಟ್ ಎಂಬ ಪ್ರೋಗ್ರಾಮು ಅವುಗಳನ್ನು ವೀ ಅವತಾರದಲ್ಲೇ ಓಡಿಸಿ, ಡಿಸ್ಕ್ ಓದುವ, ಕಂಟ್ರೋಲರ್ ಕೇಳುವ, ಮೆಮೊರಿ ಕಾರ್ಡಿಗೆ ಬರೆಯುವ ಕೆಲಸಗಳನ್ನೆಲ್ಲ ತಾನೇ ವಹಿಸಿಕೊಳ್ಳುತ್ತದೆ. ಮೆಮೊರಿ ಕಾರ್ಡ್ ಎಂಬುದು ಪೆನ್ ಡ್ರೈವಿನ ಒಂದು ಕಡತವಾಗಿಬಿಡುತ್ತದೆ. ಕೈಯಂತ್ರದಲ್ಲಿ ಜಾಗ ಉಳಿಸುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಆಟದ ಕಡತ ಎಲ್ಲಿಂದ ಬರಬೇಕು? ನಿಮ್ಮದೇ ಡಿಸ್ಕಿನಿಂದ. ಕ್ಲೀನ್‌ರಿಪ್ ಎಂಬ ಪ್ರೋಗ್ರಾಮು ವೀ ಡ್ರೈವಿನಿಂದಲೇ ಡಿಸ್ಕಿನ ನಕಲು ತೆಗೆಯುತ್ತದೆ. ನಿಮ್ಮ ಯಂತ್ರದ ಡ್ರೈವ್ ಸತ್ತಿದ್ದರೆ ಗೆಳೆಯರ ಯಂತ್ರದಲ್ಲಿ ಮಾಡಿಕೊಳ್ಳಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮಿನ ನಕಲನ್ನು ವ್ಯಾಪಾರಕ್ಕಲ್ಲದ ಸ್ವಂತ ಬಳಕೆಗೆ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಆಟ ತುಂಬಿದ ಪೆನ್ ಡ್ರೈವ್ ಮಾರುವ ವ್ಯವಹಾರದಿಂದ ದೂರವಿರಿ.

5. ಪೆನ್ ಡ್ರೈವಿನ ಮೇಲೆ ಬರೆದದ್ದನ್ನು ನಂಬಬೇಡಿ

ಗೇಮ್‌ಕ್ಯೂಬ್ ಡಿಸ್ಕ್ 1.46 ಜಿಬಿ, ಒಂದು ಪದರದ ವೀ ಡಿಸ್ಕ್ 4.7 ಜಿಬಿ. ಆದರೆ ಎಷ್ಟೋ ವೀ ಡಿಸ್ಕ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಜಾಗ ತುಂಬಿರುವುದು ಅರ್ಥವಿಲ್ಲದ ಭರ್ತಿ. ಡಬ್ಲ್ಯುಬಿಎಫ್‌ಎಸ್ ಎಂಬ ಕಡತದ ರೂಪಕ್ಕೆ ತಂದರೆ ಆ ಭರ್ತಿ ಉದುರಿ ಕಡತ ಸಣ್ಣದಾಗುತ್ತದೆ. ಡ್ರೈವನ್ನು ಎಫ್‌ಎಟಿ32 ಪದ್ಧತಿಗೆ ಫಾರ್ಮ್ಯಾಟ್ ಮಾಡಿಟ್ಟರೆ ಆಟ ಎಬ್ಬಿಸುವ ಎಲ್ಲ ಲೋಡರುಗಳೂ ಓದುತ್ತವೆ. ಆ ಪದ್ಧತಿಯಲ್ಲಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ, ಹಾಗಾಗಿ ದೊಡ್ಡ ಆಟಗಳನ್ನು ತುಂಡು ಮಾಡಿ ಇಡಬೇಕು. ಆಟ ನಿರ್ವಾಹಕ ಪ್ರೋಗ್ರಾಮುಗಳು ಇದನ್ನು ತಾವೇ ಮಾಡುತ್ತವೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪೆನ್ ಡ್ರೈವ್ ಹಿಡಿದು ಅನುಮಾನದಿಂದ ತಿರುಗಿಸಿ ನೋಡಿದರೆ ಅಂಗಡಿಯವರು “ಸಾರ್, ಒರಿಜಿನಲ್ಲೇ ಇದು” ಎನ್ನುತ್ತಾರೆ. ಅವರಿಗೂ ಗೊತ್ತಿರಲಿಕ್ಕಿಲ್ಲ. ಮೇಲೆ 128 ಜಿಬಿ ಎಂದು ಬರೆದು ಒಳಗೆ 16 ಜಿಬಿ ಚಿಪ್ ಇರುವ ಡ್ರೈವುಗಳು ಎಲ್ಲ ಊರುಗಳಲ್ಲೂ ಇವೆ. ಇವು ನಕಲು ಮಾಡುವಾಗ ದೂರುವುದಿಲ್ಲ. ಆಟದ ನಡುವೆ, ಮೂರನೆಯ ಹಂತದಲ್ಲಿ, ಕಾರಣ ಹೇಳದೆ ನಿಲ್ಲುತ್ತವೆ. ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಪ್ರೋಗ್ರಾಮಿನಿಂದ ಡ್ರೈವನ್ನು ಪೂರ್ತಿ ತುಂಬಿಸಿ, ಪೂರ್ತಿ ಓದಿಸಿ ನೋಡಿದ ಮೇಲೆಯೇ ಯಂತ್ರದೊಳಕ್ಕೆ ಕಳಿಸಿ.

ಪೆನ್ ಡ್ರೈವಿನ ಕವಚ ಬಿಚ್ಚಿದರೆ ನಾಲ್ಕು ಬಿಂದು ಕಾಣುತ್ತವೆ: 5 ವೋಲ್ಟ್, ಗ್ರೌಂಡ್, ಎರಡು ದತ್ತಾಂಶದ ಗೆರೆ. ನೇರವಾಗಿ ಬೆಸೆಯಬಹುದು. ದತ್ತಾಂಶದ ಎರಡು ತಂತಿಗಳು ಒಂದೇ ಉದ್ದ ಇರಲಿ, ಒಂದಕ್ಕೊಂದು ಹೆಣೆದಿರಲಿ, ಆದಷ್ಟೂ ಗಿಡ್ಡ ಇರಲಿ. ಸೆಕೆಂಡಿಗೆ 480 ಮೆಗಾಬಿಟ್ ಓಡುವ ಗೆರೆಗಳವು. ನನ್ನ ಮೆಚ್ಚಿನ ದಾರಿ ಮಾತ್ರ ಬೇರೆ: ಮೈಕ್ರೊ ಎಸ್‌ಡಿ ರೀಡರನ್ನು ಬೆಸೆದು, ಅದರ ಬಾಯಿ ಕವಚದ ಅಂಚಿಗೆ ಬರುವಂತೆ ಇಡುವುದು. ಹೊಸ ಆಟ ಸೇರಿಸಲು ಯಂತ್ರ ಬಿಚ್ಚಬೇಕಾಗಿಲ್ಲ. ಕಾರ್ಡ್ ಸತ್ತರೆ ಬದಲಿಸಿದರಾಯಿತು.

ಇನ್ನೊಂದು ಮಾತು. ವೀಯ ಎರಡು ಯುಎಸ್‌ಬಿ ಕಿಂಡಿಗಳಲ್ಲಿ ಒಂದನ್ನು ಮಾತ್ರ ಓದುವ ಲೋಡರುಗಳೇ ಹೆಚ್ಚು. ಅದು ಯಾವುದೆಂದು ಬೋರ್ಡು ಇಡಿಯಾಗಿರುವಾಗಲೇ ಗುರುತು ಹಾಕಿಕೊಳ್ಳಿ.

6. ಬೋರ್ಡಿನ ಅಂಚಿನಲ್ಲಿ ಅಪಾಯವಿದೆ

ಪ್ರೊಸೆಸರ್, ಗ್ರಾಫಿಕ್ಸ್ ಚಿಪ್, ಮೆಮೊರಿ, ಒಳಮೆಮೊರಿ, ಚಿತ್ರ ಕೊಡುವ ಎನ್‌ಕೋಡರ್ ಇವು ಬೋರ್ಡಿನ ನಡುವಿನಲ್ಲಿ ಗುಂಪಾಗಿವೆ. ಸುತ್ತಲಿರುವುದು ಬಹುಪಾಲು ವಿದ್ಯುತ್ ಮತ್ತು ಕಿಂಡಿಗಳ ಭಾಗ. ಹಾಗಾಗಿಯೇ ಕತ್ತರಿಸುವುದು ಸಾಧ್ಯ. ಗಡಿಯಾರ ಮತ್ತು ಅಕ್ಷರಗಳನ್ನು ಇಟ್ಟುಕೊಂಡ ಒಂದು ಚಿಪ್ ಕತ್ತರಿಸುವ ಗೆರೆಯ ಆಚೆ ಉಳಿಯುವುದುಂಟು. ಅದನ್ನು ಮೊದಲೇ ಎತ್ತಿ, ಬೇರೆಡೆ ಅಂಟಿಸಿ, ಸಣ್ಣ ತಂತಿಗಳಿಂದ ಮತ್ತೆ ಜೋಡಿಸಬೇಕು. ಈಗಾಗಲೇ ಕತ್ತರಿಸಿ ಗೆದ್ದವರ ನಕ್ಷೆಯನ್ನು ಮುಂದಿಟ್ಟುಕೊಂಡೇ ಗೆರೆ ಎಳೆಯಿರಿ.

ಬೋರ್ಡು ಚಿರೋಟಿಯಂತೆ ಪದರ ಪದರವಾದದ್ದು. ಕತ್ತರಿಸಿದ ಅಂಚಿನಲ್ಲಿ ಒಂದು ಪದರದ ತಾಮ್ರ ಎಳೆದುಕೊಂಡು ಪಕ್ಕದ ಪದರಕ್ಕೆ ತಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಈ ತಾಗುವಿಕೆ ಇಡೀ ಯಂತ್ರವನ್ನು ಸುಡಬಲ್ಲದು. ಒರಟು ಎಮರಿ ಪೇಪರಿನಿಂದ ಶುರುಮಾಡಿ ನಯವಾದದ್ದರವರೆಗೆ, ಪದರಗಳು ಬೇರೆ ಬೇರೆ ಗೆರೆಗಳಾಗಿ ಕಾಣುವ ತನಕ ಅಂಚನ್ನು ಉಜ್ಜಿ. ಏಳುವ ಧೂಳು ಗಾಜಿನ ನಾರಿನದು. ಮಾಸ್ಕ್, ಕನ್ನಡಕ ಹಾಕಿಕೊಳ್ಳಿ, ಅಂಚನ್ನು ಒದ್ದೆ ಮಾಡಿಕೊಂಡು ಉಜ್ಜಿ, ಅಡುಗೆಮನೆಯ ಹತ್ತಿರ ಈ ಕೆಲಸ ಬೇಡ.

ಆಮೇಲೆ ಪ್ರತಿ ವೋಲ್ಟೇಜ್ ಗೆರೆಗೂ ಗ್ರೌಂಡಿಗೂ ನಡುವಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. ಇಲ್ಲಿ ಹೊಸಬರು ಬೆದರುವುದುಂಟು: ಒಂದು ವೋಲ್ಟಿನ ಗೆರೆ ಒಳ್ಳೆಯ ಬೋರ್ಡಿನಲ್ಲೂ ಕೆಲವೇ ಓಮ್ ತೋರಿಸುತ್ತದೆ, ಮೀಟರ್ ಕೀ ಎನ್ನುತ್ತದೆ. ಅದು ಶಾರ್ಟ್ ಅಲ್ಲ, ದೊಡ್ಡ ಚಿಪ್ಪಿನ ಸಹಜ ಗುಣ. ಅದಕ್ಕೇ ಕತ್ತರಿಸುವ ಮೊದಲಿನ ಅಳತೆಗಳನ್ನು ಬರೆದಿಟ್ಟುಕೊಂಡಿರಬೇಕು. ಹೋಲಿಸಲು ಆಧಾರವಿಲ್ಲದ ಅಳತೆಯಿಂದ ಉಪಯೋಗವಿಲ್ಲ.

7. ಒಂದು ವೋಲ್ಟಿನ ಗೆರೆಗೆ ದಪ್ಪ ತಂತಿ

ಮೂಲ ಬೋರ್ಡು 12 ವೋಲ್ಟನ್ನು ತೆಗೆದುಕೊಂಡು ತಾನೇ ಇಳಿಸಿಕೊಳ್ಳುತ್ತಿತ್ತು. ಆ ಭಾಗವನ್ನು ಕತ್ತರಿಸಿದ ಮೇಲೆ 1 ವೋಲ್ಟ್, 1.15 ವೋಲ್ಟ್, 1.8 ವೋಲ್ಟ್, 3.3 ವೋಲ್ಟ್ ಈ ನಾಲ್ಕನ್ನೂ ನಾವೇ ಕೊಡಬೇಕು. ಯುಎಸ್‌ಬಿಗೆ, ಫ್ಯಾನಿಗೆ 5 ವೋಲ್ಟ್. ವೋಲ್ಟೇಜ್ ಇಳಿಸುವ ಸಣ್ಣ ಬಕ್ ರೆಗ್ಯುಲೇಟರ್‌ಗಳಿಂದ ಇದು ಸಾಧ್ಯ.

ಲೆಕ್ಕ ತಪ್ಪುವುದು ತಂತಿಯಲ್ಲಿ. ಅರ್ಧ ಮಿ.ಮೀ. ದಪ್ಪದ ತಾಮ್ರದ ತಂತಿ ಹೋಗಲು 10 ಸೆಂ.ಮೀ., ಬರಲು 10 ಸೆಂ.ಮೀ. ಇದೆಯೆನ್ನಿ. ಅದರ ರೋಧ ಸುಮಾರು 0.0175 ಓಮ್. ನಾಲ್ಕು ಆಂಪಿಯರ್ ಹರಿದರೆ 0.07 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ. 12 ವೋಲ್ಟಿನ ಗೆರೆಯಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ವೋಲ್ಟಿನ ಗೆರೆಯಲ್ಲಿ ಇದು ಶೇ. 7. ಮೆನು ಚೆನ್ನಾಗಿ ಓಡಿ, ಭಾರಿ ದೃಶ್ಯ ಬಂದಾಗ ಮಾತ್ರ ಯಂತ್ರ ನಿಲ್ಲುತ್ತದೆ ಎಂದರೆ ಮೊದಲು ಇಲ್ಲಿ ನೋಡಿ. ರೆಗ್ಯುಲೇಟರನ್ನು ಚಿಪ್ಪಿನ ಪಕ್ಕಕ್ಕೇ ತನ್ನಿ, ತಂತಿ ದಪ್ಪವಿರಲಿ, ಆಟ ಓಡುತ್ತಿರುವಾಗ ಚಿಪ್ಪಿನ ಬುಡದಲ್ಲಿ ವೋಲ್ಟೇಜ್ ಅಳೆಯಿರಿ. ರೆಗ್ಯುಲೇಟರಿನ ಬಾಯಲ್ಲಿ ಅಳೆದದ್ದು ಲೆಕ್ಕಕ್ಕಿಲ್ಲ.

8. ಹಳೆಯ ಸೀಸದ ಬೆಸುಗೆಯೇ ಸುಲಭ

ಕಾರ್ಖಾನೆಯ ಬೆಸುಗೆ ಸೀಸವಿಲ್ಲದ್ದು, ಕರಗಲು 217 ಡಿಗ್ರಿಯಾದರೂ ಬೇಕು. ತವರ 63, ಸೀಸ 37ರ ಬೆಸುಗೆ 183 ಡಿಗ್ರಿಗೇ ಕರಗುತ್ತದೆ. ಹಳೆಯ ಬಿಂದುವಿಗೆ ಮೊದಲು ಇದನ್ನು ಸ್ವಲ್ಪ ಸೇರಿಸಿದರೆ ಅದೂ ಮೆತ್ತಗಾಗುತ್ತದೆ. ಫ್ಲಕ್ಸ್ ಧಾರಾಳವಾಗಿರಲಿ, ಕಿಟಕಿ ತೆರೆದಿರಲಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಸಣ್ಣ ಸಂಕೇತದ ಗೆರೆಗಳಿಗೆ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುವ ಎನಾಮಲ್ ತಂತಿ ಚೆನ್ನ. ತೀರಾ ತೆಳುವಾದದ್ದನ್ನು ಕೇಳಿ ತನ್ನಿ.

9. ಬ್ಯಾಟರಿಯ ಲೆಕ್ಕ ಕಾಗದದ ಮೇಲೆ ಮುಗಿಯಲಿ

18650 ಸೆಲ್ ಎಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಸೆಲ್. 3,400 ಎಂಎಎಚ್‌ನ ನಾಲ್ಕು ಸೆಲ್ ಸೇರಿದರೆ ಸುಮಾರು 49 ವ್ಯಾಟ್-ಗಂಟೆ. ಪರದೆ ಸೇರಿ ಯಂತ್ರ 12 ವ್ಯಾಟ್ ಎಳೆಯುತ್ತದೆ, ರೆಗ್ಯುಲೇಟರಿನಲ್ಲಿ ಹತ್ತನೆಯ ಒಂದು ಪಾಲು ಸೋರುತ್ತದೆ ಎಂದಿಟ್ಟುಕೊಂಡರೆ ಸುಮಾರು ಮೂರೂವರೆ ಗಂಟೆಯ ಆಟ. ಇದಕ್ಕಿಂತ ಹೆಚ್ಚು ಬೇಕೆಂದರೆ ಭಾರ ಹೊರಲು ಸಿದ್ಧರಾಗಿ.

ಮೇಲೆ 9,900 ಎಂಎಎಚ್ ಎಂದು ಬರೆದ 18650 ಕಂಡರೆ ಅಲ್ಲಿಂದ ಎದ್ದು ಬನ್ನಿ. ಒಳ್ಳೆಯ ಸೆಲ್ಲುಗಳು 3,500ರ ಆಸುಪಾಸಿನವು. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬೇಡಿ, ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿಸಿ. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ರಿಪೇರಿ ಮಾಡುವವರ ಬಳಿ ಆ ಯಂತ್ರ ಇರುತ್ತದೆ. 4.2 ವೋಲ್ಟ್ ದಾಟದಂತೆ, ತೀರಾ ಕೆಳಗಿಳಿಯದಂತೆ ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಇಲ್ಲದೆ ಯಾವ ಸೆಲ್ಲನ್ನೂ ಯಂತ್ರದೊಳಗೆ ಇಡಬಾರದು.

10. ಗಾಳಿಗೆ ದಾರಿ, ಕಣ್ಣಿಗೆ ಪರದೆ

ಕವಚದ ನಕ್ಷೆ ಬರೆಯುವಾಗ ಎಲ್ಲರೂ ಗುಂಡಿಗಳಿಂದ ಶುರುಮಾಡುತ್ತಾರೆ. ಗಾಳಿಯಿಂದ ಶುರುಮಾಡಿ. ತಂಪು ಗಾಳಿ ಎಲ್ಲಿ ಒಳಬರುತ್ತದೆ, ಹೀಟ್‌ಸಿಂಕನ್ನು ಹೇಗೆ ಸವರುತ್ತದೆ, ಎಲ್ಲಿಂದ ಹೊರಹೋಗುತ್ತದೆ ಎಂಬುದು ಮೊದಲ ಗೆರೆ. ಆಡುವವರ ಅಂಗೈ ಆ ಕಿಂಡಿಯನ್ನು ಮುಚ್ಚಬಾರದು. ಬೇಸಿಗೆಯಲ್ಲಿ ಕಲಬುರಗಿಯ ಕೋಣೆಯೊಳಗಿನ ಬಿಸಿ ತಣ್ಣನೆಯ ದೇಶಗಳಲ್ಲಿ ಕಟ್ಟುವವರ ಲೆಕ್ಕದಲ್ಲಿ ಇರುವುದಿಲ್ಲ. ಅವರ ಸಣ್ಣ ಫ್ಯಾನಿನ ಅಳತೆಯನ್ನು ಹಾಗೇ ನಕಲು ಮಾಡಬೇಡಿ.

ಪರದೆಗೆ ಹೆಚ್ಚಿನವರು ಮೊದಲು ಹಿಡಿಯುವುದು ಕಾರು ರಿವರ್ಸ್ ತೆಗೆಯುವಾಗ ಹಿಂಬದಿ ತೋರಿಸುವ ಅಗ್ಗದ ಪರದೆಯನ್ನು. ಕಾಂಪೋಸಿಟ್ ಸಂಕೇತದಲ್ಲಿ ಅದು ಓಡುತ್ತದೆ, ಅಕ್ಷರಗಳು ಮಾತ್ರ ಮಸುಕು. ವೀ ಕಾಂಪೊನೆಂಟ್ ಗೆರೆಗಳಲ್ಲಿ 480ಪಿ ಕೊಡುತ್ತದೆ. ಅದನ್ನು ಒಪ್ಪುವ ಪರದೆಗೆ ಸ್ವಲ್ಪ ಹೆಚ್ಚು ಕೊಟ್ಟರೆ ಮಾತುಕತೆ ತುಂಬಿದ ಆಟಗಳನ್ನೂ ಕಣ್ಣು ನೋಯಿಸಿಕೊಳ್ಳದೆ ಆಡಬಹುದು.

11. ಯಾವ ಆಟ ಆಡುತ್ತೀರಿ ಎಂಬುದರ ಮೇಲೆ ಗುಂಡಿಗಳು

ಟಿವಿಯ ಮೇಲೆ ಇಡುವ ಸೆನ್ಸರ್ ಬಾರಿನಲ್ಲಿ ಸೆನ್ಸರೇ ಇಲ್ಲ, ಇನ್‌ಫ್ರಾರೆಡ್ ದೀಪಗಳಷ್ಟೇ. ನೋಡುವ ಕ್ಯಾಮರಾ ರಿಮೋಟಿನಲ್ಲಿದೆ. ಆದ್ದರಿಂದ ಪರದೆಯ ಎರಡು ಬದಿಗೆ ಎರಡು ಇನ್‌ಫ್ರಾರೆಡ್ ಎಲ್‌ಇಡಿ ಹಾಕಿದರೂ ರಿಮೋಟ್ ಕೆಲಸ ಮಾಡುತ್ತದೆ. ಆದರೆ ಒಂದು ಕೈಯಲ್ಲಿ ಯಂತ್ರ ಹಿಡಿದು ಇನ್ನೊಂದು ಕೈಯಲ್ಲಿ ಅದಕ್ಕೇ ರಿಮೋಟ್ ತೋರಿಸುವುದು ಕಷ್ಟ. ಗೇಮ್‌ಕ್ಯೂಬ್ ಆಟಗಳು, ಗೇಮ್‌ಕ್ಯೂಬ್ ಕಂಟ್ರೋಲರ್ ಒಪ್ಪುವ ವೀ ಆಟಗಳು ಇವೇ ಕೈಯಂತ್ರಕ್ಕೆ ಒಗ್ಗುವವು. ಆ ಕಂಟ್ರೋಲರ್ ಒಂದೇ ದತ್ತಾಂಶದ ಗೆರೆಯಲ್ಲಿ, 3.3 ವೋಲ್ಟಿನಲ್ಲಿ ಮಾತಾಡುತ್ತದೆ. ಹಳೆಯ ಕಂಟ್ರೋಲರಿನ ಬೋರ್ಡನ್ನೇ ಕತ್ತರಿಸಿ ಒಳಗಿಟ್ಟರೆ ಸಾಕು.

12. ಅಂಟು ಬೇಡ, ಸ್ಕ್ರೂ ಇರಲಿ

ಕೈಯಂತ್ರದಲ್ಲಿ ಮೊದಲು ಸಾಯುವುದು ಬ್ಯಾಟರಿ, ಆಮೇಲೆ ಫ್ಯಾನು, ಆಮೇಲೆ ಕಾರ್ಡು. ಮೂರೂ ಅಂಗಡಿಯಲ್ಲಿ ಸಿಗುವಂಥವು, ಬದಲಿಸಬಹುದಾದವು. ಸಿಗದಿರುವುದು ನೀವು ಕತ್ತರಿಸಿದ ಬೋರ್ಡು. ಆದ್ದರಿಂದ ಬೋರ್ಡನ್ನು ಅಲುಗಾಡಿಸದೆ ಆ ಮೂರನ್ನೂ ಬದಲಿಸುವಂತೆ ಕವಚ ಮಾಡಿ. ಬ್ಯಾಟರಿಗೂ ಪರದೆಗೂ ಕನೆಕ್ಟರ್ ಹಾಕಿ, ನೇರ ಬೆಸುಗೆ ಬೇಡ. ಯಾವ ಬಣ್ಣದ ತಂತಿ ಯಾವ ವೋಲ್ಟೇಜು, ರೆಗ್ಯುಲೇಟರಿನ ಸಂಖ್ಯೆ ಏನು, ಒಳಮೆಮೊರಿಯ ನಕಲು ಯಾವ ಡಿಸ್ಕಿನಲ್ಲಿದೆ ಎಂದು ಬರೆದು ಮಡಿಸಿ ಹಿಂಬದಿಯ ಕವಚದ ಒಳಗೆ ಟೇಪು ಹಚ್ಚಿ. ರಿಪೇರಿ ಮಾಡಲು ಕಂಪನಿಯ ಸರ್ವೀಸ್ ಸೆಂಟರು ಈ ಯಂತ್ರವನ್ನು ಮುಟ್ಟುವುದಿಲ್ಲ. ತೆಗೆದುಹಾಕಿದ ಭಾಗಗಳ ಕೆಲಸಗಳಲ್ಲಿ ಅದೂ ಒಂದು, ಈಗ ನಿಮ್ಮ ಪಾಲಿಗೆ ಬಂದಿದೆ.